ಬಿಸಿಲ ನಾಡಿನಲ್ಲಿ ಲೋಳೆಸರ: ಬೆಳೆಸೋಣ, ಸಾಲ ಮಾಡಿ ಅಲ್ಲ



ವಿಜಯಪುರ ಶಹರದ ಗಲ್ಲಿಗಳಲ್ಲಿ ನಡೆಯುವಾಗ ಒಮ್ಮೆ ತಲೆ ಎತ್ತಿ ನೋಡಿ. ಕಿರಾಣಿ ಅಂಗಡಿ, ಗ್ಯಾರೇಜು, ಹೊಸದಾಗಿ ಕಟ್ಟಿದ ಮನೆ, ಹೀಗೆ ಎಲ್ಲಾದರೂ ಒಂದು ಕಡೆ ಬಾಗಿಲ ಮೇಲೆ ಬೇರು ಮೇಲಾಗಿ, ಎಲೆ ಕೆಳಗಾಗಿ ಕಟ್ಟಿದ ಲೋಳೆಸರ ಕಾಣುತ್ತದೆ. ದೃಷ್ಟಿ ತಾಗಬಾರದು ಎಂದು ಕಟ್ಟುತ್ತಾರೆ. ದೃಷ್ಟಿಯ ವಿಚಾರ ಅವರವರಿಗೆ ಬಿಟ್ಟದ್ದು. ನಾವು ಗಮನಿಸಬೇಕಾದದ್ದು ಬೇರೆ. ಆ ಗಿಡಕ್ಕೆ ಮಣ್ಣಿಲ್ಲ, ಯಾರೂ ನೀರು ಹಾಕುವುದಿಲ್ಲ, ಮೇಲಿಂದ ತಗಡಿನ ಝಳ. ಆದರೂ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ. ಒಮ್ಮೊಮ್ಮೆ ನೇತಾಡುತ್ತಲೇ ಹೂವಿನ ದಂಟು ಬಿಟ್ಟದ್ದನ್ನೂ ನಾವು ನೋಡಿದ್ದೇವೆ.

ಇಂಥ ಗಿಡ ನಮ್ಮ ಭಾಗಕ್ಕೆ ಹೇಳಿ ಮಾಡಿಸಿದ್ದು ಎಂದು ಯಾರಿಗಾದರೂ ಅನಿಸುವುದು ಸಹಜ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ವರ್ಷಕ್ಕೆ 600 ಮಿಲಿಮೀಟರ್ ತುಂಬಿದರೆ ಪುಣ್ಯ ಎನ್ನುವಂಥ ಮಳೆ. ಬರಗಾಲದ ವರ್ಷಗಳಲ್ಲಿ ಟ್ಯಾಂಕರ್ ನೀರು ತರಿಸಿ ದ್ರಾಕ್ಷಿ ಬಳ್ಳಿ ಉಳಿಸಿಕೊಂಡದ್ದನ್ನು ತಿಕೋಟಾದ ರೈತರು ಮರೆತಿಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಕೆಲವು ಊರುಗಳಿಗೆ ಬಂದಿದೆ, ನಿಜ. ಆದರೆ ಮಡ್ಡಿಯ ಮೇಲಿನ ಹೊಲದವರು ಇನ್ನೂ ಮುಗಿಲನ್ನೇ ನೋಡುತ್ತಾರೆ.

ಹೀಗಿರುವಾಗ ತಿಕೋಟಾ ಭಾಗದ ಒಂದು ಸಂಘದ ಸಭೆಗೆ ನಾವು ಹೋಗಿದ್ದೆವು. ಅಲ್ಲಿ ಒಂದು ಬಣ್ಣದ ಕರಪತ್ರ ಕೈಯಿಂದ ಕೈಗೆ ಓಡಾಡುತ್ತಿತ್ತು. ಹೊರಗಿನಿಂದ ಬಂದ ಒಬ್ಬರು ಕೊಟ್ಟು ಹೋಗಿದ್ದರಂತೆ. ಲೋಳೆಸರದ ಕಂದು ನಾವೇ ಕೊಡುತ್ತೇವೆ, ಎಲೆಯನ್ನೂ ನಾವೇ ಕೊಳ್ಳುತ್ತೇವೆ, ನೀರೇ ಬೇಡ, ಎಕರೆಗೆ ಲಕ್ಷಗಟ್ಟಲೆ ಲಾಭ ಎಂದು ಅದರಲ್ಲಿತ್ತು. "ಸಂಘದಾಗ ಸಾಲ ತಗೊಂಡು ಹಚ್ಚೋಣೇನ್ರಿ ಅಕ್ಕಾರ?" ಎಂದು ಒಬ್ಬ ತಾಯಿ ಕೇಳಿದರು. ಆ ದಿನ ನಮಗೆ ಪೂರ್ತಿ ಉತ್ತರ ಕೊಡಲು ಆಗಲಿಲ್ಲ. ಈ ಲೇಖನವೇ ಆ ಉತ್ತರ. ಮೊದಲು ಗಿಡದ ವಿಚಾರ ನೋಡೋಣ, ಆಮೇಲೆ ದುಡ್ಡಿನ ವಿಚಾರ.

ನೀರಿಲ್ಲದೆ ಹೇಗೆ ಬದುಕುತ್ತದೆ?

ಏಪ್ರಿಲ್ ಮಧ್ಯಾಹ್ನ ನಾವೆಲ್ಲ ಏನು ಮಾಡುತ್ತೇವೆ? ಕಿಟಕಿ ಬಾಗಿಲು ಮುಚ್ಚಿ ಒಳಗೆ ಕೂಡುತ್ತೇವೆ. ಸಂಜೆ ಬಿಸಿಲು ಇಳಿದ ಮೇಲೆ ಬಾಗಿಲು ತೆರೆದು ಕಟ್ಟೆಯ ಮೇಲೆ ಬಂದು ಕೂಡುತ್ತೇವೆ. ಲೋಳೆಸರವೂ ಹಾಗೆಯೇ. ಎಲ್ಲ ಗಿಡಗಳ ಎಲೆಯ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ಜೋಳ, ತೊಗರಿ, ಕಡಲೆ ಈ ತೂತುಗಳನ್ನು ಹಗಲು ತೆರೆಯುತ್ತವೆ. ಗಾಳಿ ಒಳಗೆ ಬರುತ್ತದೆ, ಅದರ ಜೊತೆಗೆ ಎಲೆಯ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಲೋಳೆಸರ ಹಗಲು ಬಾಗಿಲು ಹಾಕಿಕೊಂಡು ರಾತ್ರಿ ತಂಪಿನಲ್ಲಿ ತೆರೆಯುತ್ತದೆ. ರಾತ್ರಿ ಒಳಗೆ ತೆಗೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಹುಳಿಯ ರೂಪದಲ್ಲಿ ಕೂಡಿಟ್ಟುಕೊಂಡು, ಮರುದಿನ ಬಿಸಿಲಿನಲ್ಲಿ ಬಾಗಿಲು ತೆರೆಯದೆಯೇ ಅಡುಗೆ ಮಾಡಿಕೊಳ್ಳುತ್ತದೆ. ಅದಕ್ಕೇ ನೀರು ಉಳಿಯುತ್ತದೆ. ಜೊತೆಗೆ ಎಲೆಯ ಮೇಲೆ ಮೇಣದಂಥ ಪದರ, ಒಳಗೆ ನೀರು ಹಿಡಿದಿಟ್ಟುಕೊಳ್ಳುವ ಲೋಳೆ.

ಆದರೆ ಇದರಲ್ಲೇ ಇನ್ನೊಂದು ಮಾತೂ ಅಡಗಿದೆ. ಹೀಗೆ ಉಳಿತಾಯ ಮಾಡಿ ಬದುಕುವ ಗಿಡ ನಿಧಾನವಾಗಿಯೇ ಬೆಳೆಯುತ್ತದೆ. ನೀರಿಲ್ಲದೆ ಬದುಕುವುದು ಬೇರೆ, ನೀರಿಲ್ಲದೆ ದಪ್ಪ ಎಲೆ ಕೊಡುವುದು ಬೇರೆ. ಬಾಗಿಲ ಮೇಲೆ ಕಟ್ಟಿದ ಗಿಡವನ್ನು ಮೂರು ತಿಂಗಳ ನಂತರ ಇಳಿಸಿ ನೋಡಿ. ಜೀವ ಇರುತ್ತದೆ, ಎಲೆ ಮಾತ್ರ ಹಪ್ಪಳದ ಹಾಗೆ ತೆಳ್ಳಗಾಗಿರುತ್ತದೆ. ಕರಪತ್ರದ "ನೀರೇ ಬೇಡ" ಎಂಬ ಮಾತು ಇಲ್ಲೇ ಅರ್ಧ ಸುಳ್ಳಾಯಿತು.

ಯಾವ ಗಿಡ?

ಲೋಳೆಸರ ನಮ್ಮ ಹಿತ್ತಲಿನ ಗಿಡವಾಗಿ ಎಷ್ಟೋ ಕಾಲವಾಗಿದೆ. ಮರಾಠಿ ಮಾತನಾಡುವ ಅಕ್ಕಂದಿರು ಕೋರಫಡ ಎನ್ನುತ್ತಾರೆ, ವೈದ್ಯರು ಕುಮಾರಿ ಎನ್ನುತ್ತಾರೆ. ಇದರ ತವರು ಅರಬಸ್ತಾನ ಎಂದು 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಇದರ ಬಳಗ ದೊಡ್ಡದು. ಅಲೋ ಎಂಬ ಜಾತಿಯಲ್ಲಿ 500ಕ್ಕೂ ಹೆಚ್ಚು ಬಗೆಗಳಿದ್ದು, ಬಹುತೇಕ ಎಲ್ಲವೂ ಆಫ್ರಿಕಾ, ಮಡಗಾಸ್ಕರ್ ಮತ್ತು ಅರಬಸ್ತಾನದವು. ಕೆಲವು ಮರದಷ್ಟು ಎತ್ತರ, ಕೆಲವು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣವು.

ಶಹರದ ನರ್ಸರಿಗಳಲ್ಲಿ ಈಗ ಸಣ್ಣ ಪ್ಲಾಸ್ಟಿಕ್ ಕುಂಡಗಳಲ್ಲಿ ಈ ಸಣ್ಣ ಬಗೆಗಳನ್ನೂ ಮಾರುತ್ತಾರೆ. ಅಂಚಿಗೆ ಮುಳ್ಳಿನ ಹಲ್ಲು ಇದ್ದು ಗುಂಪು ಗುಂಪಾಗಿ ಬೆಳೆಯುವ ಜುವೆನ್ನಾ, ಹುಲಿಯ ಹಾಗೆ ಬಿಳಿ ಪಟ್ಟೆ ಇರುವ ವೇರಿಗೇಟಾ, ಅಲೋ ಅಲ್ಲದಿದ್ದರೂ ಅದರ ಹತ್ತಿರದ ಸಂಬಂಧಿಯಾದ ಹವೋರ್ಥಿಯಾ. ಜುವೆನ್ನಾ ಪೂರ್ವ ಆಫ್ರಿಕಾದ ಗಿಡ, ನಮ್ಮ ಬಿಸಿಲಿಗೆ ಬೇಗ ಹೊಂದಿಕೊಳ್ಳುತ್ತದೆ. ಹುಲಿಪಟ್ಟೆಯದು ದಕ್ಷಿಣ ಆಫ್ರಿಕಾದ್ದು. ಅದು ಚಳಿಗಾಲದಲ್ಲಿ ಬೆಳೆದು ಕಡುಬೇಸಿಗೆಯಲ್ಲಿ ನಿದ್ದೆ ಮಾಡುವ ಗಿಡ. ಮೇ ತಿಂಗಳಲ್ಲಿ ಅದು ಮುದುಡಿ ಕುಳಿತರೆ ಒಣಗುತ್ತಿದೆ ಎಂದು ಗಾಬರಿಯಾಗಿ ನೀರು ಸುರಿಯಬೇಡಿ, ಸುರಿದರೆ ಕೊಳೆತೇ ಹೋಗುತ್ತದೆ. ಮೊದಲ ಸಲ ಬೆಳೆಸುವವರು ಲೋಳೆಸರದಿಂದಲೇ ಶುರು ಮಾಡುವುದು ಒಳ್ಳೆಯದು ಎಂಬುದು ನಮ್ಮ ಅನುಭವ.

ಒಂದು ಎಚ್ಚರಿಕೆ. ಹೊಲದ ಬದುವಿನಲ್ಲಿ ಬೆಳೆಯುವ ಕತ್ತಾಳೆಯನ್ನು ಕೆಲವರು ಲೋಳೆಸರ ಎಂದು ತಿಳಿದು ತರುತ್ತಾರೆ. ಕತ್ತಾಳೆ ಎಲೆ ಮುರಿದರೆ ನಾರು ಬರುತ್ತದೆ, ತುದಿಯಲ್ಲಿ ದಬ್ಬಣದಂಥ ಮುಳ್ಳು ಇರುತ್ತದೆ, ರಸ ತಾಗಿದರೆ ಮೈ ತುರಿಸುತ್ತದೆ. ಲೋಳೆಸರದ ಎಲೆ ಮುರಿದರೆ ಬರುವುದು ಲೋಳೆ. ಕತ್ತಾಳೆ ಜೀವಮಾನದಲ್ಲಿ ಒಂದೇ ಸಲ ಹೂ ಬಿಟ್ಟು ಸಾಯುತ್ತದೆ, ಲೋಳೆಸರ ಹಾಗಲ್ಲ, ಬೆಳೆದ ಗಿಡ ಮತ್ತೆ ಮತ್ತೆ ಹೂ ಬಿಡುತ್ತದೆ.

ಮಣ್ಣು ಸರಿ ಇದ್ದರೆ ಅರ್ಧ ಕೆಲಸ ಮುಗಿಯಿತು

ಡೋಣಿ ದಂಡೆಯ ಎರೆ ಭೂಮಿಯ ಬಗ್ಗೆ ನಮಗೆಲ್ಲ ಹೆಮ್ಮೆ ಇದೆ. ಬಿಳಿಜೋಳಕ್ಕೆ ಅಂಥ ಮಣ್ಣು ಇನ್ನೊಂದಿಲ್ಲ. ಆದರೆ ಲೋಳೆಸರದ ಕುಂಡಕ್ಕೆ ಎರೆ ಮಣ್ಣಿನಷ್ಟು ಕೆಟ್ಟದ್ದೂ ಇನ್ನೊಂದಿಲ್ಲ. ಎರೆ ಮಣ್ಣು ನೀರನ್ನು ಹಿಡಿದರೆ ಬಿಡುವುದಿಲ್ಲ, ಒಣಗಿದರೆ ಬಿರುಕು ಬಿಟ್ಟು ಬೇರನ್ನೇ ಹರಿಯುತ್ತದೆ. ಲೋಳೆಸರದ ಬೇರು ಆಳಕ್ಕೆ ಹೋಗುವುದಿಲ್ಲ, ಮೇಲೆಮೇಲೆಯೇ ಹರಡುತ್ತದೆ. ಅದಕ್ಕೆ ನೀರು ಬಂದು ಹೋಗಬೇಕು, ನಿಲ್ಲಬಾರದು.

ನಮ್ಮ ಅದೃಷ್ಟಕ್ಕೆ ಮಡ್ಡಿಯ ಮೇಲೆ ಗರಸು ಬೇಕಾದಷ್ಟಿದೆ. ಎರಡು ಬುಟ್ಟಿ ಗರಸು ಅಥವಾ ಮಸಾರಿ ಮಣ್ಣು, ಒಂದು ಬುಟ್ಟಿ ದಪ್ಪ ಉಸುಕು, ಒಂದು ಬುಟ್ಟಿ ಚೆನ್ನಾಗಿ ಕೊಳೆತ ಹಳೆಯ ತಿಪ್ಪೆಗೊಬ್ಬರ. ಇಷ್ಟು ಕಲಸಿದರೆ ಸಾಕು. ಹಸಿ ಸಗಣಿ ಹಾಕಬೇಡಿ, ಕಾವೇರಿ ಬೇರು ಸುಡುತ್ತದೆ. ಕಲಸಿದ ಮಣ್ಣನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದು ಒತ್ತಿ, ಕೈ ಬಿಚ್ಚಿ. ಉಂಡೆಯಾಗಿಯೇ ನಿಂತರೆ ಇನ್ನೂ ಉಸುಕು ಬೇಕು. ತಾನಾಗಿ ಉದುರಿ ಬಿದ್ದರೆ ಹದ ಬಂದಿದೆ ಎಂದು ತಿಳಿಯಿರಿ.

ಕುಂಡಕ್ಕೆ ದುಡ್ಡು ಹಾಕುವ ಅಗತ್ಯವಿಲ್ಲ. ಎಣ್ಣೆಯ ಡಬ್ಬಿ, ಒಡೆದ ಕೊಡದ ಕೆಳಭಾಗ, ಬಣ್ಣದ ಬಕೆಟ್ಟು ಯಾವುದಾದರೂ ನಡೆಯುತ್ತದೆ, ತಳಕ್ಕೆ ನಾಲ್ಕೈದು ತೂತು ಇದ್ದರಾಯಿತು. ತೂತಿನ ಮೇಲೆ ಒಂದೆರಡು ಹೆಂಚಿನ ಚೂರು ಇಡಿ, ಮಣ್ಣು ಸೋರಿ ಹೋಗುವುದಿಲ್ಲ. ಆಳಕ್ಕಿಂತ ಅಗಲ ಹೆಚ್ಚಿದ್ದರೆ ಒಳ್ಳೆಯದು. ಕಪ್ಪು ಡಬ್ಬಿ ಬಿಸಿಲಿಗೆ ಕಾಯುತ್ತದೆ, ಅದಕ್ಕೆ ಹೊರಗಿನಿಂದ ಸುಣ್ಣ ಬಳಿಯಿರಿ. ಮಣ್ಣಿನ ಕುಂಡ ಎಲ್ಲಕ್ಕಿಂತ ಉತ್ತಮ, ಏಕೆಂದರೆ ಅದರ ಗೋಡೆಯೂ ನೀರು ಬಿಡುತ್ತದೆ.

ನೀರು: ಇಲ್ಲೇ ಎಲ್ಲರೂ ತಪ್ಪುವುದು

ಇದನ್ನು ನಮ್ಮದೇ ತಪ್ಪಿನಿಂದ ಹೇಳುತ್ತೇವೆ. ಒಂದು ವರ್ಷ ನಮ್ಮ ಕಚೇರಿಯ ವರಾಂಡದಲ್ಲಿ ಸಣ್ಣ ಕುಂಡಗಳಲ್ಲಿ ಲೋಳೆಸರ ಸಾಲಾಗಿ ಇಟ್ಟಿದ್ದೆವು. ತರಬೇತಿಗೆ ಬಂದವರೆಲ್ಲ ಕುಡಿದು ಉಳಿದ ನೀರನ್ನು ಪಾಪ ಅಂತ ಅವಕ್ಕೇ ಸುರಿದು ಹೋಗುತ್ತಿದ್ದರು. ನಾವೂ ಬೆಳಗ್ಗೆ ಒಂದೊಂದು ತಂಬಿಗೆ ಹಾಕುತ್ತಿದ್ದೆವು. ಸೆಪ್ಟೆಂಬರ್ ಮಳೆ ಹಿಡಿಯಿತು. ಒಂದು ವಾರದಲ್ಲಿ ಎಲೆಗಳು ಬೆಂದ ಬದನೆಕಾಯಿಯ ಹಾಗೆ ಮೆತ್ತಗಾದವು, ಎಳೆದರೆ ಬುಡದಿಂದಲೇ ಕಿತ್ತು ಬಂದವು, ವಾಸನೆ ಬೇರೆ. ಸಾಲಿನಲ್ಲಿದ್ದ ಎಲ್ಲವೂ ಹೋದವು. ಉಳಿದದ್ದು ಯಾವುದು ಗೊತ್ತೇ? ಜಾಗ ಸಾಲದೆ ಹಿಂದಿನ ಗೋಡೆಯ ಮಗ್ಗುಲಿಗೆ ಇಟ್ಟು, ಆಮೇಲೆ ನಾವು ಮರೆತೇಬಿಟ್ಟಿದ್ದ ಎರಡು ಕುಂಡಗಳು.

ದಿನ ಎಣಿಸಿ ನೀರು ಹಾಕುವುದಕ್ಕಿಂತ ಮಣ್ಣನ್ನು ಕೇಳಿ ಹಾಕುವುದು ಮೇಲು. ಒಂದು ಒಣ ಕಡ್ಡಿಯನ್ನು ಎರಡು ಬೆರಳಗಲದಷ್ಟು ಆಳಕ್ಕೆ ಚುಚ್ಚಿ ತೆಗೆಯಿರಿ. ಕಡ್ಡಿಗೆ ಹಸಿ ಮಣ್ಣು ಅಂಟಿದ್ದರೆ ಇನ್ನೂ ಬೇಡ. ಒಣಗಿದ್ದರೆ ತಳದ ತೂತಿನಿಂದ ಸೋರುವ ತನಕ ಚೆನ್ನಾಗಿ ಹಾಕಿ, ಮತ್ತೆ ಒಣಗುವ ತನಕ ಮುಟ್ಟಬೇಡಿ. ದಿನಾ ಒಂದು ವಾಟಿ ಹಾಕುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ನಮ್ಮ ಹವೆಯಲ್ಲಿ ಬೇಸಿಗೆಯಲ್ಲಿ ಸಣ್ಣ ಡಬ್ಬಿಗೆ ವಾರಕ್ಕೊಮ್ಮೆ, ದೊಡ್ಡ ಕುಂಡಕ್ಕೆ ಹತ್ತು ಹನ್ನೆರಡು ದಿನಕ್ಕೊಮ್ಮೆ ಬೇಕಾಗಬಹುದು. ಚಳಿಗಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ. ಮಳೆ ಹಿಡಿದಾಗ ಏನೂ ಬೇಡ, ಬದಲಾಗಿ ಕುಂಡವನ್ನು ಮಾಡಿನ ಕೆಳಗೆ ಸರಿಸಿ.

ಬೇಸಿಗೆಯಲ್ಲಿ ಸಂಜೆಯೇ ಹಾಕಿ. ಬಿಸಿಲಿಗೆ ಬಿದ್ದ ಕರಿ ಪೈಪಿನಲ್ಲಿ ಮೊದಲು ಬರುವ ನೀರು ಚಹಾ ಮಾಡುವಷ್ಟು ಕಾದಿರುತ್ತದೆ, ಅದನ್ನು ಬಿಟ್ಟು ತಣ್ಣನೆಯದನ್ನು ಹಾಕಿ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಲ್ಲಬಾರದು. ಬೋರಿನ ನೀರು ಸವಳಾಗಿರುವ ಊರುಗಳಲ್ಲಿ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ. ಹಾಗೆ ಕಂಡರೆ ಮಾಡಿನಿಂದ ಬೀಳುವ ಮಳೆ ನೀರನ್ನು ಹಿಡಿದು ಒಂದೆರಡು ಸಲ ತುಂಬ ಸುರಿದು, ಉಪ್ಪು ತೊಳೆದು ಹೋಗಲು ಬಿಡಿ. ಪಾತ್ರೆ ತೊಳೆದ ಸೋಪಿನ ನೀರು ಬೇಡ. ಅಕ್ಕಿ, ಬೇಳೆ ತೊಳೆದ ನೀರು ಆಗುತ್ತದೆ.

ಬಿಸಿಲಿನ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಬಿಸಿಲು ತಡೆಯುವ ಗಿಡ ಎಂದು ನರ್ಸರಿಯಿಂದ ತಂದ ದಿನವೇ ಮಾಳಿಗೆಯ ಮೇಲೆ ಇಡುತ್ತಾರೆ. ಅದು ನೆರಳಿನ ಪರದೆಯ ಕೆಳಗೆ ಬೆಳೆದ ಕೂಸು. ಎರಡೇ ದಿನದಲ್ಲಿ ಎಲೆಯ ಮೇಲೆ ಬೆಳ್ಳಗೆ ಒಣ ಕಲೆ ಬೀಳುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ. ಮೊದಲ ಎರಡು ಮೂರು ವಾರ ಬೆಳಗಿನ ಬಿಸಿಲು ಮಾತ್ರ ಸಿಗುವಂತೆ ಪೂರ್ವದ ಗೋಡೆಗೆ ಇಟ್ಟು ರೂಢಿ ಮಾಡಿಸಿ. ಇನ್ನು ಎಲೆ ಕೆಂಪು-ಕಂದು ಬಣ್ಣಕ್ಕೆ ತಿರುಗಿದರೆ ಅದು ರೋಗವಲ್ಲ. ಬಿಸಿಲಿಗೆ ಗಿಡ ತಾನೇ ಮಾಡಿಕೊಂಡ ರಕ್ಷಣೆ ಅದು, ನೆರಳಿಗೆ ಸರಿಸಿದರೆ ಮತ್ತೆ ಹಸಿರಾಗುತ್ತದೆ. ಮಾರ್ಚಿನಿಂದ ಮೇ ತನಕ ಮಧ್ಯಾಹ್ನದ ನೆರಳು ಬೇಕೇ ಬೇಕು. ಒಣದ್ರಾಕ್ಷಿ ಶೆಡ್ಡಿಗೆ ಕೆಲಸಕ್ಕೆ ಹೋಗುವ ಅಕ್ಕಂದಿರಿಗೆ ಅಲ್ಲಿಯ ಹಸಿರು ನೆರಳುಪರದೆ ಗೊತ್ತು. ಹರಿದು ಬಿಸಾಡುವ ತುಂಡು ಸಿಕ್ಕರೆ ಮಾಲೀಕರನ್ನು ಕೇಳಿ ತನ್ನಿ. ನಾಲ್ಕು ಕೋಲಿಗೆ ಕಟ್ಟಿದರೆ ಇಪ್ಪತ್ತು ಕುಂಡಕ್ಕೆ ನೆರಳಾಗುತ್ತದೆ. ಇಲ್ಲದಿದ್ದರೆ ಹಳೆಯ ಸೀರೆಯೇ ಸಾಕು.

ಕಂದು ಬೇರ್ಪಡಿಸುವುದು

ಎಲೆ ಕತ್ತರಿಸಿ ನೆಟ್ಟರೆ ಲೋಳೆಸರ ಬರುವುದಿಲ್ಲ, ಕೊಳೆಯುತ್ತದೆ. ಎಷ್ಟೋ ಜನ ಹೀಗೆ ಮಾಡಿ "ನಮ್ಮ ಕೈಗೆ ಗಿಡ ಹತ್ತೂದಿಲ್ಲ" ಎಂದು ಕೈಬಿಟ್ಟಿದ್ದಾರೆ. ಬಾಳೆಯ ಹಾಗೆ ಇದಕ್ಕೂ ಬುಡದಲ್ಲಿ ಕಂದು ಬರುತ್ತವೆ. ಕಂದಿಗೆ ನಾಲ್ಕೈದು ಎಲೆ ಬಂದು, ಬೆರಳಿನಷ್ಟು ಉದ್ದವಾಗುವ ತನಕ ತಾಯಿಯ ಜೊತೆಗೇ ಇರಲಿ. ಅವಸರ ಮಾಡಿ ಕಿತ್ತರೆ ಅದಕ್ಕೆ ಸ್ವಂತ ಬೇರು ಇರುವುದಿಲ್ಲ.

ದೀಪಾವಳಿ ಮುಗಿದ ಮೇಲಿಂದ ಫೆಬ್ರವರಿ ತನಕದ ಹವೆ ಈ ಕೆಲಸಕ್ಕೆ ಚೆನ್ನಾಗಿರುತ್ತದೆ. ಎರಡು ದಿನ ಮೊದಲೇ ನೀರು ನಿಲ್ಲಿಸಿ, ಗಿಡವನ್ನು ಮಣ್ಣಿನ ಸಮೇತ ಹೊರತೆಗೆದು, ಕಂದನ್ನು ಬೇರಿನೊಂದಿಗೆ ಬಿಡಿಸಿ. ಅಂಟಿಕೊಂಡಿದ್ದರೆ ಶುದ್ಧ ಚಾಕುವಿನಿಂದ ಕೊಯ್ಯಿರಿ. ಕೊಯ್ದ ಕಂದನ್ನು ಕೂಡಲೇ ನೆಡಬೇಡಿ. ಎರಡು ಮೂರು ದಿನ ನೆರಳಿನಲ್ಲಿ ಹಾಗೆಯೇ ಇಡಿ, ಗಾಯ ಒಣಗಲಿ. ಆಮೇಲೆ ಒಣ ಮಣ್ಣಿನಲ್ಲಿ ನೆಟ್ಟು ಒಂದು ವಾರ ನೀರು ಕೊಡದೆ ಬಿಡಿ. ಹೊಸ ಗಿಡಕ್ಕೆ ನೀರು ಹಾಕದೆ ಇರುವುದು ನಮ್ಮ ಹೆಣ್ಣುಮಕ್ಕಳ ಕೈಗೆ ಬಹಳ ಕಷ್ಟದ ಕೆಲಸ, ಆದರೂ ತಡೆಯಿರಿ. ಹೊಲದ ಬದುವಿಗೆ ನೆಡುವುದಾದರೆ ಮಾತ್ರ ಮುಂಗಾರಿನ ಮೊದಲ ಮಳೆಗಳು ಸರಿಯಾದ ಸಮಯ. ಗರಸು ಇರುವ, ಇಳಿಜಾರಾದ ಜಾಗ ನೋಡಿ, ಎರಡೆರಡು ಅಡಿಗೆ ಒಂದರಂತೆ ಹಚ್ಚಿ.

ರೋಗ ಕಡಿಮೆ. ಎಲೆಗಳ ಸಂದಿಯಲ್ಲಿ ಹತ್ತಿಯಂಥ ಬಿಳಿ ಹಿಟ್ಟು ಕಂಡರೆ ಅದು ಹಿಟ್ಟು ತಿಗಣೆ. ದ್ರಾಕ್ಷಿ ತೋಟದಲ್ಲಿ ದುಡಿಯುವವರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆದು, ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ನೀರಿನಲ್ಲಿ ಕಲಸಿ ಸಂಜೆ ಹಚ್ಚಿ. ದ್ರಾಕ್ಷಿಗೆ ಹೊಡೆದು ಉಳಿದ ಔಷಧಿಯನ್ನು ಮಾತ್ರ ತಂದು ಹೊಡೆಯಬೇಡಿ. ಮುಖಕ್ಕೆ ಹಚ್ಚುವ ಗಿಡ ಇದು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ, ಆದರೆ ಲೋಳೆಸರದ ಕಹಿಗೆ ಸಾಮಾನ್ಯವಾಗಿ ಆಡೂ ಹಿಂದೆ ಸರಿಯುತ್ತದೆ. ಬರಗಾಲದಲ್ಲಿ ಏನೂ ಸಿಗದಾಗ ಏನು ಮಾಡೀತೋ ಹೇಳಲಾಗದು.

ಮನೆಯ ಬಳಕೆ, ಸ್ವಲ್ಪ ಎಚ್ಚರ

ಎಲೆ ಕೊಯ್ದ ಕೂಡಲೇ ಹಳದಿ ಬಣ್ಣದ ಕಹಿ ರಸ ಇಳಿಯುತ್ತದೆ. ಇದನ್ನೇ ಒಣಗಿಸಿದರೆ ಗಂಧಿಗೆ ಅಂಗಡಿಯ ಕರಿಬೋಳ. ಇದು ಜೋರಾದ ಭೇದಿ ಔಷಧಿ, ಲೋಳೆಯಲ್ಲ. ಎಲೆಯನ್ನು ಕಾಲು ಗಂಟೆ ಓರೆಯಾಗಿ ನಿಲ್ಲಿಸಿ ಈ ರಸ ಇಳಿದು ಹೋಗಲು ಬಿಟ್ಟು, ತೊಳೆದು, ಸಿಪ್ಪೆ ತೆಗೆದು ನಡುವಿನ ಬಿಳಿ ಲೋಳೆಯನ್ನು ಮಾತ್ರ ಕೂದಲಿಗೆ, ಚರ್ಮಕ್ಕೆ ಬಳಸಿ. ಮೊದಲು ಮುಂಗೈಗೆ ಸ್ವಲ್ಪ ಹಚ್ಚಿ ನೋಡಿ, ಕೆಲವರಿಗೆ ತುರಿಕೆ ಬರುತ್ತದೆ. ಒಲೆಯಲ್ಲಿ ಕೈ ಸುಟ್ಟರೆ ಮೊದಲು ಇಪ್ಪತ್ತು ನಿಮಿಷ ತಣ್ಣೀರು ಹರಿಸಿ. ಗುಳ್ಳೆ ಎದ್ದ, ಆಳವಾದ ಸುಟ್ಟಗಾಯಕ್ಕೆ ಇದನ್ನು ಹಚ್ಚಿ ಕೂಡಬೇಡಿ, ದವಾಖಾನೆಗೆ ಹೋಗಿ.

ಕುಡಿಯುವ ವಿಚಾರದಲ್ಲಿ ನಾವು ಕಟ್ಟುನಿಟ್ಟು. ಬಸುರಿಯರು, ಮೊಲೆ ಉಣಿಸುವ ತಾಯಂದಿರು ಕುಡಿಯಲೇಬಾರದು. ಸಕ್ಕರೆ ಕಾಯಿಲೆಗೆ ಗುಳಿಗೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಕುಡಿಯಬಾರದು, ಸಕ್ಕರೆ ಇನ್ನೂ ಇಳಿಯಬಹುದು. ಕಹಿ ರಸದಿಂದ ಮಾಡಿದ ಭೇದಿ ಔಷಧಿಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರುವುದನ್ನು ಅಮೆರಿಕ 2002ರಲ್ಲೇ ನಿಲ್ಲಿಸಿತು. ಸಿಪ್ಪೆ ಸಮೇತ ಇಡೀ ಎಲೆಯಿಂದ ತೆಗೆದ ಸಾರವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮೈಗೆ ಹಚ್ಚುವ ಲೋಳೆಗೆ ಈ ಮಾತು ಅನ್ವಯಿಸುವುದಿಲ್ಲ. ಮನೆಯಲ್ಲೇ ಮಿಕ್ಸರಿಗೆ ಹಾಕಿ ಜ್ಯೂಸ್ ಎಂದು ಬಾಟಲಿ ತುಂಬಿ ಮಾರುವ ಆಲೋಚನೆ ಯಾವುದಾದರೂ ಸಂಘಕ್ಕೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ.

ಈಗ ದುಡ್ಡಿನ ಲೆಕ್ಕ

ಆ ಕರಪತ್ರಕ್ಕೆ ಮರಳೋಣ. ಎರಡು ಅಡಿಗೆ ಒಂದರಂತೆ ಹಚ್ಚಿದರೆ ಎಕರೆಗೆ ಹತ್ತಿರ ಹತ್ತಿರ 11,000 ಕಂದು ಬೇಕು. ಒಂದಕ್ಕೆ 5 ರೂಪಾಯಿ ಅಂತ ಹಿಡಿದರೂ ಕಂದಿಗೇ 55,000 ರೂಪಾಯಿ. ಮೇಲೆ ಉಳುಮೆ, ಗೊಬ್ಬರ, ಹಚ್ಚುವ ಕೂಲಿ, ಕಳೆ. ಮೊದಲ ಎಲೆ ಕೊಯ್ಲಿಗೆ ಬರಲು ಎಂಟು ತಿಂಗಳಿಂದ ಒಂದು ವರ್ಷ ಬೇಕು. ಸಂಘದ ಸಾಲದ ಕಂತು ಮಾತ್ರ ಮುಂದಿನ ತಿಂಗಳಿಂದಲೇ ಶುರು. ಹನ್ನೆರಡು ತಿಂಗಳ ಕಂತನ್ನು ಯಾವ ದುಡ್ಡಿನಿಂದ ಕಟ್ಟುವುದು? ಕೂಲಿಯಿಂದ, ಎಮ್ಮೆಯ ಹಾಲಿನಿಂದ, ಕೊನೆಗೆ ಕೊರಳಿನದ್ದನ್ನು ಒತ್ತೆ ಇಟ್ಟು. ಇದು ನಮಗೆಲ್ಲ ಗೊತ್ತಿರುವ ದಾರಿಯೇ.

ಸರಿ, ವರ್ಷ ಕಳೆದು ಎಲೆ ಬಂತು ಎಂದುಕೊಳ್ಳಿ. ಎಲೆಯ ತೂಕದಲ್ಲಿ ಬಹುಪಾಲು ನೀರು. 100 ಕಿಲೊ ಎಲೆ ಟೆಂಪೊಗೆ ಹೇರಿದರೆ ಅದರಲ್ಲಿ ಸುಮಾರು 98 ಕಿಲೊ ನೀರನ್ನೇ ಹೇರಿದ ಹಾಗೆ. ಕೊಯ್ದ ಎಲೆಯ ಗುಣ ಗಂಟೆಗಂಟೆಗೂ ಇಳಿಯುತ್ತದೆ, ಬಿಸಿಲಿನಲ್ಲಿ ಇನ್ನೂ ಬೇಗ. ಆದ್ದರಿಂದ ಕಾರ್ಖಾನೆಯವರು ಕೊಯ್ದ ದಿನವೇ ಸಂಸ್ಕರಣೆ ಮಾಡಲು ನೋಡುತ್ತಾರೆ. ಹತ್ತಿರದಲ್ಲೇ ಸಂಸ್ಕರಣೆ ಘಟಕ ಇದ್ದವರಿಗೆ ಇದು ಬೆಳೆ. ದೂರ ಇದ್ದವರಿಗೆ ಬಾಡಿಗೆಯೇ ಎಲೆಯ ಬೆಲೆಯನ್ನು ತಿನ್ನುತ್ತದೆ. ಕೊಳ್ಳುತ್ತೇವೆ ಎಂದವರು ಬಾರದಿದ್ದರೆ ಹೊಲದ ತುಂಬ ಗಿಡ ಇದ್ದೂ ಕೈಯಲ್ಲಿ ಕಾಸಿಲ್ಲ. ಜೋಳವಾದರೆ ಮಾರದಿದ್ದರೆ ರೊಟ್ಟಿಯಾದರೂ ಆಗುತ್ತಿತ್ತು.

ಎಲೆ ಹೋಗದಿದ್ದರೆ ಕಂದು ಮಾರಿ ಎನ್ನುತ್ತಾರೆ. ಇಲ್ಲಿಯೂ ಲೆಕ್ಕ ಹಾಕಿ ನೋಡಿ. ಹತ್ತು ತಾಯಿ ಗಿಡ, ಒಂದೊಂದಕ್ಕೆ ವರ್ಷಕ್ಕೆ ನಾಲ್ಕು ಕಂದು ಎಂದು ಹಿಡಿಯಿರಿ. ವರ್ಷದ ಕೊನೆಗೆ 50 ಗಿಡ, ಎರಡನೇ ವರ್ಷ 250, ಮೂರನೇ ವರ್ಷ 1,250. ಇಷ್ಟು ಸುಲಭವಾಗಿ ಹೆಚ್ಚುವ ವಸ್ತುವಿಗೆ ಬೆಲೆ ನಿಲ್ಲುವುದು ಹೇಗೆ? ಮೊದಲು ಕಂದು ಮಾರಿದವರಿಗೆ ಲಾಭ, ಕೊನೆಗೆ ಕೊಂಡವರ ಕೈಯಲ್ಲಿ ಕಂದು. ಇದು ಲೋಳೆಸರದ ಕಥೆ ಮಾತ್ರವಲ್ಲ. 2003-04ರಲ್ಲಿ ವೆನಿಲ್ಲಾ ಬೆಲೆ ಮುಗಿಲಿಗೇರಿದಾಗ ಮಲೆನಾಡಿನವರು ಬಳ್ಳಿಯ ತುಂಡಿಗೂ ದುಡ್ಡು ಸುರಿದರು, ಬೆಲೆ ಬೇಗನೆ ನೆಲ ಕಚ್ಚಿತು. ಎಮು ಹಕ್ಕಿ ಸಾಕಿ, ಮೊಟ್ಟೆ ಮರಿ ನಾವೇ ಕೊಳ್ಳುತ್ತೇವೆ ಎಂದ ಯೋಜನೆಗಳು 2012ರಲ್ಲಿ ತಮಿಳುನಾಡಿನಲ್ಲಿ ಮುಳುಗಿ ಸಾವಿರಾರು ಜನರ ಹಣ ಹೋಯಿತು.

ಹಾಗಾದರೆ ಲೋಳೆಸರವನ್ನು ಯಾರೂ ಬೆಳೆಯಬಾರದೇ? ಬೆಳೆಯಬಹುದು. ಖರೀದಿದಾರರ ಘಟಕವನ್ನು ಕಣ್ಣಾರೆ ನೋಡಿ ಬಂದವರು, ಸ್ವಂತ ದುಡ್ಡು ಇರುವವರು, ಬೇರೆ ಬೆಳೆ ಬಾರದ ಮಡ್ಡಿ ಇರುವವರು ಆಲೋಚಿಸಲಿ. ಔಷಧಿ ಸಸ್ಯಗಳಿಗಾಗಿಯೇ ಕೇಂದ್ರ ಸರ್ಕಾರ 2000ದಲ್ಲಿ ರಾಷ್ಟ್ರೀಯ ಔಷಧೀಯ ಸಸ್ಯ ಮಂಡಳಿಯನ್ನು ಮಾಡಿದೆ. ಯಾವುದಾದರೂ ಯೋಜನೆ ಇದೆಯೇ ಎಂದು ವಿಜಯಪುರದ ತೋಟಗಾರಿಕೆ ಇಲಾಖೆಯಲ್ಲಿ, ಹಿಟ್ಟಿನಹಳ್ಳಿ ಫಾರ್ಮಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು. ಕೇಳಲು ದುಡ್ಡು ಕೊಡಬೇಕಾಗಿಲ್ಲ. ಸಂಘದ ಸಾಲದಲ್ಲಿ ಮಾತ್ರ ಬೇಡ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಕರಪತ್ರದವರು ಮತ್ತೆ ಬಂದರೆ ಕೇಳಬೇಕಾದದ್ದನ್ನು ಆ ಸಂಘದವರಿಗೆ ಹೀಗೆ ಹೇಳಿಕೊಟ್ಟೆವು. ನಿಮ್ಮ ಕಾರ್ಖಾನೆ ಎಲ್ಲಿದೆ, ನಮ್ಮಲ್ಲಿ ಇಬ್ಬರನ್ನು ಕರೆದುಕೊಂಡು ಹೋಗಿ ತೋರಿಸುತ್ತೀರಾ? ಹೋದ ವರ್ಷ ಯಾವ ಊರಿನಲ್ಲಿ ಎಷ್ಟು ಎಲೆ ಕೊಂಡಿರಿ, ಆ ರೈತರ ಜೊತೆ ನಾವು ಮಾತನಾಡಬಹುದೇ? ಟೆಂಪೊ ಬಾಡಿಗೆ ಯಾರದು? ಕಂದಿನ ದುಡ್ಡನ್ನು ಈಗ ಅರ್ಧ, ಎಲೆ ಕೊಂಡ ಮೇಲೆ ಅರ್ಧ ತೆಗೆದುಕೊಳ್ಳುತ್ತೀರಾ? ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆದು ಅವರ ಸಹಿ ಹಾಕಿಸಿಕೊಳ್ಳಿ ಎಂದೆವು. ಅವರು ಬಂದರು, ಪ್ರಶ್ನೆ ಕೇಳಿದರು, ಚಹಾ ಕುಡಿದರು, ಮುಂದಿನ ವಾರ ಬರುತ್ತೇವೆ ಎಂದು ಹೋದರು. ಮತ್ತೆ ಆ ಕಡೆ ಸುಳಿಯಲಿಲ್ಲ.

ಅದೇ ಸಂಘದ ಒಬ್ಬ ತಾಯಿಯ ಹಿತ್ತಲಿನಲ್ಲಿ ಅತ್ತೆಯ ಕಾಲದ ಲೋಳೆಸರದ ದೊಡ್ಡ ಗುಂಪೇ ಇತ್ತು. ಆ ಚಳಿಗಾಲದಲ್ಲಿ ಅದರಿಂದ ಕಂದು ಬಿಡಿಸಿ ಹದಿನಾಲ್ಕು ಸದಸ್ಯೆಯರೂ ಒಂದೊಂದು ಒಯ್ದರು. ಡಬ್ಬಿ ಮನೆಯದು, ಗರಸು ಮಡ್ಡಿಯದು, ಖರ್ಚು ಏನೂ ಇಲ್ಲ. ಮರುವರ್ಷ ಎಣಿಸಿದಾಗ ಮೂರು ಕೊಳೆತಿದ್ದವು, ಮೂರಕ್ಕೂ ದಿನಾ ನೀರು ಬಿದ್ದಿತ್ತು. ಉಳಿದ ಹನ್ನೊಂದು ಗಿಡಗಳು ಕಂದು ಬಿಟ್ಟಿದ್ದವು. ಅವುಗಳಲ್ಲಿ ಕೆಲವನ್ನು ಹಾಲಿನ ಖಾಲಿ ಪಾಕೀಟಿಗೆ ತೂತು ಮಾಡಿ ನೆಟ್ಟು, ಬೇರು ಹಿಡಿದ ಮೇಲೆ ವಾರದ ಸಂತೆಗೆ ಕಾಯಿಪಲ್ಲೆಯ ಜೊತೆ ಇಟ್ಟರು. ಕೆಲವು ಹೋದವು, ಕೆಲವು ವಾಪಸು ಬಂದವು. ಬಂದ ದುಡ್ಡು ದೊಡ್ಡದಲ್ಲ, ಆದರೆ ಅದರಲ್ಲಿ ಬಡ್ಡಿಗೆ ಹೋಗಬೇಕಾದದ್ದು ಒಂದು ಪೈಸೆಯೂ ಇರಲಿಲ್ಲ. ನರ್ಸರಿಯವರೊಬ್ಬರು ಜುವೆನ್ನಾದ ಗುಂಪು ಮಾಡಿ ಕೊಟ್ಟರೆ ತೆಗೆದುಕೊಳ್ಳುತ್ತೇವೆ ಎಂದಿದ್ದಾರಂತೆ. ಅದಕ್ಕೆ ಈಗ ಎರಡು ತಾಯಿ ಗಿಡ ತಂದು ಮಾಡಿನ ಕೆಳಗೆ ಇಟ್ಟಿದ್ದಾರೆ.

ನಿಮ್ಮ ಸಂಘಕ್ಕೂ ಗಿಡ ಬೇಕಿದ್ದರೆ ಅಕ್ಕಪಕ್ಕದ ಊರಿನ ಸಂಘಗಳಲ್ಲಿ ಮೊದಲು ಕೇಳಿ, ಲೋಳೆಸರದ ಗುಂಪು ಯಾರದಾದರೂ ಹಿತ್ತಲಲ್ಲಿ ಇದ್ದೇ ಇರುತ್ತದೆ. ದೀಪಾವಳಿ ಮುಗಿದ ಮೇಲೆ ಹೋಗಿ. ಹೋಗುವಾಗ ಒಂದು ಖಾಲಿ ಚೀಲ ಒಯ್ಯಿರಿ, ಮತ್ತು ಮನೆಗೆ ತಂದ ಮೇಲೆ ಎರಡು ಮೂರು ದಿನ ನೆರಳಿನಲ್ಲಿ ಒಣಗಿಸುವುದನ್ನು ಮರೆಯಬೇಡಿ.